ಅಲೆಯನ್ನು ಮಡಚುವ ವಿದ್ಯೆ

ಒಂದೇ ಷಡ್ಜವನ್ನು ಕೊಳಲೂ ನುಡಿಯುತ್ತದೆ, ವೀಣೆಯೂ ನುಡಿಯುತ್ತದೆ. ಶ್ರುತಿ ಒಂದೇ ಆದರೂ ಕಣ್ಣು ಮುಚ್ಚಿ ಕುಳಿತವನಿಗೂ ಯಾವುದು ಯಾವ ವಾದ್ಯವೆಂದು ತಿಳಿಯದಿರದು. ಸ್ವರದ ಎತ್ತರವನ್ನು ನಿರ್ಣಯಿಸುವುದು ಕಂಪನಗಳ ಸಂಖ್ಯೆ. ಅದರ ಬಣ್ಣವನ್ನು ಬಹುಮಟ್ಟಿಗೆ ನಿರ್ಣಯಿಸುವುದು ಮೂಲಸ್ವರದೊಡನೆ ಬೆರೆತಿರುವ ಉಪಸ್ವರಗಳ ಪ್ರಮಾಣ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿಯೇ ಇದನ್ನು ವಿಸ್ತಾರವಾಗಿ ನಿರೂಪಿಸಿದನು. ಈ ತತ್ತ್ವವನ್ನು ಕೈಯಿಂದ ಮಾಡಿ ಕಿವಿಯಿಂದ ಕೇಳಬೇಕೆನ್ನುವವರಿಗೆ ಮನೆಯಲ್ಲಿ ಕಟ್ಟುವ ಸಿಂಥಸೈಜರಿನ ಅಲೆ-ಪರಿವರ್ತಕವೇ ಒಳ್ಳೆಯ ಗುರು.

ಸಿಂಥಸೈಜರೆಂದರೆ ವಿದ್ಯುತ್ತಿನ ಏರಿಳಿತದಿಂದಲೇ ಸ್ವರವನ್ನು ಕಟ್ಟುವ ವಾದ್ಯ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ರೂಪಿಸಿದ ಮಾದರಿಯ ಯಂತ್ರವೊಂದು 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದಿತು. ಇಂಥ ವಾದ್ಯದ ಹೃದಯ ಆಸಿಲೇಟರು. ಅನೇಕ ಆಸಿಲೇಟರುಗಳು ಮೊದಲು ಹುಟ್ಟಿಸುವುದು ಗರಗಸದ ಹಲ್ಲಿನಂಥ ಅಲೆಯನ್ನು: ಓರೆಯಾಗಿ ಏರುತ್ತ ಹೋಗಿ ತಟ್ಟನೆ ಬೀಳುವ ಅಲೆ. ಅದರಲ್ಲಿ ಎಲ್ಲ ಉಪಸ್ವರಗಳೂ ಉಂಟು. ಎರಡನೆಯದರ ಬಲ ಮೂಲಸ್ವರದ ಅರ್ಧ, ಮೂರನೆಯದರ ಬಲ ಮೂರರಲ್ಲೊಂದು ಪಾಲು. ಆದ್ದರಿಂದ ಆ ದನಿ ತೀಕ್ಷ್ಣ.

ಇದನ್ನು ಮೃದುಗೊಳಿಸುವ ಉಪಾಯ ಕಾಗದ ಮಡಚಿದಷ್ಟೇ ಸರಳ. ಅಲೆಯು ಋಣ 5 ವೋಲ್ಟಿನಿಂದ ಧನ 5 ವೋಲ್ಟಿಗೆ ಏರುತ್ತದೆಯೆನ್ನೋಣ. ಸೊನ್ನೆಯ ಕೆಳಗಿನ ಅರ್ಧವನ್ನು ಮೇಲಕ್ಕೆ ಮಡಚಿದರೆ ಅದು ಐದರಿಂದ ಸೊನ್ನೆಗಿಳಿದು ಮತ್ತೆ ಐದಕ್ಕೇರುತ್ತದೆ. ಪ್ರಪಾತದ ಎರಡು ಅಂಚುಗಳೂ ಈಗ ಒಂದೇ ಎತ್ತರದಲ್ಲಿರುವುದರಿಂದ ಪ್ರಪಾತವೇ ಮಾಯವಾಗಿ ತ್ರಿಕೋನ ಅಲೆ ಉಳಿಯುತ್ತದೆ. ಟಿಎಲ್072 ಎಂಬ ಒಂದು ಚಿಪ್, ಎರಡು ಡಯೋಡು, ಕೆಲವು ರೆಸಿಸ್ಟರು—ಸಾಮಗ್ರಿ ಇಷ್ಟೇ. ಚಿಪ್ಪಿನಲ್ಲಿರುವ ಎರಡು ಆಪ್-ಆಂಪ್‌ಗಳಲ್ಲಿ ಮೊದಲನೆಯದು ಡಯೋಡುಗಳ ನೆರವಿನಿಂದ ಅಲೆಯ ಒಂದು ಅರ್ಧವನ್ನು ಬೇರ್ಪಡಿಸುತ್ತದೆ. ಎರಡನೆಯದು ಅದನ್ನು ಮೂಲದೊಡನೆ ಕೂಡಿಸಿ, ಮಡಿಕೆಯನ್ನು ಪೂರ್ಣಗೊಳಿಸಿ, ಅಲೆಯನ್ನು ಸೊನ್ನೆಯ ನಡುವಿಗೆ ತರುತ್ತದೆ. ಶ್ರುತಿ ಕದಲುವುದಿಲ್ಲ. ಆದರೆ ಸಮಸಂಖ್ಯೆಯ ಉಪಸ್ವರಗಳು ಅಳಿದು, ಮೂರನೆಯದು ಒಂಬತ್ತರಲ್ಲೊಂದು ಪಾಲಿಗಿಳಿದು, ದನಿ ಕೊಳಲಿನ ಸಮೀಪಕ್ಕೆ ಸರಿಯುತ್ತದೆ.

ಸಿದ್ಧಾಂತ ಇಲ್ಲಿಗೆ ಮುಗಿಯಿತು. ವಿದ್ಯೆ ಇಲ್ಲಿಂದ ಮೊದಲಾಗುತ್ತದೆ. ಮೂಲದ ಅಲೆ ಸೊನ್ನೆಯಿಂದ ಕಿಂಚಿತ್ತು ಸರಿದಿದ್ದರೂ ಅಂಚುಗಳು ಕೂಡವು. ಸರಿಪಡಿಸಿದ ಮೇಲೂ ಶಿಖರದಲ್ಲೊಂದು ಸೂಜಿಮೊನೆಯಂಥ ಸೀಳು ಉಳಿಯುತ್ತದೆ. ಏಕೆಂದರೆ ಗರಗಸದ ಹಲ್ಲು ಬೀಳುವುದಕ್ಕೂ ಒಂದಿಷ್ಟು ಕಾಲ ಬೇಕು. ಸಣ್ಣ ಕೆಪಾಸಿಟರೊಂದನ್ನಿಟ್ಟು ಅದನ್ನು ಮುಚ್ಚಬಹುದು. ಮುಚ್ಚಿದಷ್ಟೂ ತಾರಸ್ವರಗಳ ಹೊಳಪು ಮಾಸುತ್ತದೆ. ಎಷ್ಟು ಸಾಕೆಂಬುದನ್ನು ಅಳತೆಯ ಯಂತ್ರ ಹೇಳಲಾರದು, ಕಿವಿಯೇ ಹೇಳಬೇಕು.

ಇಂದು ಗುಂಡಿಯೊಂದನ್ನೊತ್ತಿದರೆ ಸಾವಿರ ವಾದ್ಯಗಳ ದನಿ ದೊರೆಯುತ್ತದೆ. ಹಾಗಿರಲು ಈ ಶ್ರಮವೇಕೆ ಎಂದು ಕೇಳುವವರುಂಟು. ಸಿದ್ಧವಾಗಿ ದೊರೆತ ದನಿಯನ್ನು ನಾವು ಆಯ್ದುಕೊಳ್ಳಬಲ್ಲೆವು. ಅದು ಹಾಗೇಕಿದೆಯೆಂದು ಬಲ್ಲವರಾಗೆವು. ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಕರ್ಕಶವು ಇಂಪಾಗುವ ಆ ಎಡೆಯನ್ನು ತಾನೇ ಕಂಡುಕೊಂಡ ವಿದ್ಯಾರ್ಥಿ ಮುಂದೆ ಯಾವ ವಾದ್ಯವನ್ನೂ ಹಿಂದಿನಂತೆ ಕೇಳಲಾರನು.