ತನಿಯಪ್ಪನವರ ಮಗನ ಕಛೇರಿ

ಹೆಸರಾಂತ ಸಂಗೀತಗಾರರ ಮಕ್ಕಳು ವೇದಿಕೆಯನ್ನೇರಿದಾಗ ಸಭಿಕರ ಕಣ್ಣು ಮೊದಲು ತೆರೆಯುತ್ತದೆ, ಕಿವಿ ಅನಂತರ. ತಂದೆಯದೇ ಮೂಗು, ತಂದೆಯದೇ ಕುಳಿತ ಭಂಗಿ ಎಂದು ಪಕ್ಕದವರೊಡನೆ ಪಿಸುಗುಟ್ಟಿ ಮುಗಿಸುವಷ್ಟರಲ್ಲಿ ಅರ್ಧ ಕೀರ್ತನೆ ಕಳೆದಿರುತ್ತದೆ. ಮೂಡುಬಿದಿರೆಯ ಆಳ್ವಾಸ್ ವಿರಾಸತ್‌ನಲ್ಲಿಯೋ ಧರ್ಮಸ್ಥಳದ ಲಕ್ಷದೀಪೋತ್ಸವದಲ್ಲಿಯೋ ಕುಳಿತು ಸಂಗೀತ ಕೇಳಿದ ವಾಚಕರಿಗೆ ಇದನ್ನು ನಾವು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಲೋಕವೆಲ್ಲ ಬಲ್ಲ ಒಬ್ಬ ಕಲಾವಿದರನ್ನು ಅವರ ಹುಟ್ಟೂರಿನ ಸುತ್ತಿನ ಜನರು ಕೇವಲ ‘ಇಂಥವರ ಮಗ’ ಎಂದು ಗುರುತಿಸಿದ್ದನ್ನು ನಾವು ಕಂಡದ್ದು ಒಮ್ಮೆ ಮಾತ್ರ. ಆ ಸಂಜೆಯ ಕುರಿತೇ ಇಲ್ಲಿ ಬರೆಯಹೊರಟಿದ್ದೇವೆ.

1997ರ ಸುಮಾರಿಗೆ ಬಂಟ್ವಾಳ ತಾಲೂಕಿನ ಒಂದು ದೇವಸ್ಥಾನದ ಜಾತ್ರೆಯಲ್ಲಿ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕಛೇರಿ ಏರ್ಪಾಡಾಗಿತ್ತು. ನೆರೆಮನೆಯ ಹಿರಿಯರೊಬ್ಬರು ನಮ್ಮ ತಂದೆಯವರನ್ನು ಒತ್ತಾಯಪೂರ್ವಕವಾಗಿ ಕರೆದರು. ತಂದೆಯವರ ಜೊತೆಗೆ ನಾವೂ ಹೊರಟೆವು. ಅವರನ್ನೇ ಕರೆಯಲು ಕಾರಣವಿತ್ತು. ತಂದೆಯವರು ಸುಮಾರು ಮೂವತ್ತು ವರ್ಷಗಳ ಕಾಲ ನಮ್ಮ ಕಡೆಯ ಒಂದು ಬ್ರಾಸ್ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನುಡಿಸಿದವರು. ಅಗ್ರಾರಿನಿಂದ ವೇಣೂರಿನವರೆಗೆ, ಅಲಂಗಾರಿನಿಂದ ಮಡಂತ್ಯಾರಿನವರೆಗೆ ಅವರು ಮದುವೆಯ ಮನೆಗಳಲ್ಲಿ, ಇಗರ್ಜಿಯ ವಾರ್ಷಿಕ ಹಬ್ಬಗಳಲ್ಲಿ, ಪರಮಪ್ರಸಾದದ ಮೆರವಣಿಗೆಗಳಲ್ಲಿ ನುಡಿಸಿದ್ದರು. ಸ್ಯಾಕ್ಸೋಫೋನ್ ಎಂದರೆ ಅದು ನಮ್ಮವರ ವಾದ್ಯ ಎಂಬ ಭಾವನೆ ಆ ಕಾಲದ ಕ್ರೈಸ್ತ ಕುಟುಂಬಗಳಲ್ಲಿ ಇದ್ದೇ ಇತ್ತು.

ಆ ಹೊತ್ತಿಗೆ ಗೋಪಾಲನಾಥರು ಕೀರ್ತಿಯ ಉತ್ತುಂಗದಲ್ಲಿದ್ದರು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿಯವರೊಡನೆ ನುಡಿಸಿದ್ದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯುವ ಬಿ.ಬಿ.ಸಿ. ಪ್ರೊಮೆನೇಡ್ ಸಂಗೀತೋತ್ಸವಕ್ಕೆ ಆಹ್ವಾನಿತರಾದ ಪ್ರಥಮ ಕರ್ನಾಟಕ ಸಂಗೀತಗಾರರೆನಿಸಿದ್ದರು. ಅದೇ ವರ್ಷ ತೆರೆಕಂಡ ‘ಡ್ಯುಯೆಟ್’ ಎಂಬ ತಮಿಳು ಚಿತ್ರದಲ್ಲಿ ಎ. ಆರ್. ರೆಹಮಾನರ ಸಂಗೀತಕ್ಕೆ ಇವರ ಸ್ಯಾಕ್ಸೋಫೋನ್ ಜೊತೆಗೂಡಿ ದಕ್ಷಿಣ ಭಾರತದ ಮನೆಮನೆಗೂ ಕೇಳಿಸಿತ್ತು. ಪದ್ಮಶ್ರೀ ಪ್ರಶಸ್ತಿ ಬಂದದ್ದು ಅನಂತರ, 2004ರಲ್ಲಿ.

ಇಷ್ಟೆಲ್ಲ ಸಾಧಿಸಿದವರನ್ನು ನೋಡಲು ಬಂದ ಆ ಜಾತ್ರೆಯ ಜನಸ್ತೋಮದಲ್ಲಿ ನಮ್ಮ ನೆರೆಮನೆಯ ಹಿರಿಯರಿಗೆ ಲಂಡನ್ನಿನ ಗೊಡವೆ ಇರಲಿಲ್ಲ. ಕಲಾವಿದರು ರೇಷ್ಮೆ ಶಲ್ಯ ಹೊದ್ದು ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೊಡನೆ ಅವರು ತಂದೆಯವರತ್ತ ವಾಲಿ, “ಪೊರ್ಬುಗಳೇ, ಇವರು ನಮ್ಮ ತನಿಯಪ್ಪನ ಮಗ. ಕಣ್ಣು ಮುಚ್ಚಿ ಕೇಳಿ, ಗೊತ್ತಾಗುತ್ತದೆ” ಎಂದರು.

ವಾಚಕರಲ್ಲಿ ಕಿರಿಯರಿಗಾಗಿ ಹೇಳುವುದಾದರೆ, ಗೋಪಾಲನಾಥರು ಜನಿಸಿದ್ದು 1949ರಲ್ಲಿ, ನೇತ್ರಾವತಿಯ ದಡದ ಸಜಿಪಮೂಡದಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ನಮ್ಮ ಊರುಗಳಲ್ಲಿ ನಾಗಸ್ವರದವರನ್ನು ಕಾಣದವರಿಲ್ಲ, ಕುಳಿತು ಕೇಳಿದವರು ಕಡಿಮೆ. ದೇವರ ಬಲಿ ಹೊರಟಾಗ, ಮದುವೆಯಲ್ಲಿ ತಾಳಿ ಕಟ್ಟುವಾಗ ಅವರು ಊದುತ್ತಾರೆ. ಜನರು ದೇವರನ್ನು, ವಧೂವರರನ್ನು ನೋಡುತ್ತಾರೆ. ಬಾಲಕ ಗೋಪಾಲನಾಥರು ಸಂಗೀತದ ಮೊದಲ ಪಾಠವನ್ನು ಕಲಿತದ್ದು ತಂದೆಯಿಂದ, ಅದೇ ನಾಗಸ್ವರದ ಮೇಲೆ. ಮುಂದೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಅದಕ್ಕೆ ಮನಸೋತರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರ ಬಳಿ, ಬಳಿಕ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಬಳಿ ಶಿಷ್ಯವೃತ್ತಿ ಮಾಡಿದರು. ವಾದ್ಯವನ್ನು ಪೂರ್ಣ ವಶಪಡಿಸಿಕೊಳ್ಳಲು ಅವರಿಗೆ ಹಿಡಿದದ್ದು ಸುಮಾರು ಇಪ್ಪತ್ತು ವರ್ಷ.

ಅಷ್ಟು ಕಾಲ ಏಕೆ ಬೇಕಾಯಿತು ಎಂಬುದು ನಮಗೆ ಅರ್ಥವಾದದ್ದು ಅಂದು ತಂದೆಯವರ ಪಕ್ಕದಲ್ಲಿ ಕುಳಿತಾಗ. ನಾಗಸ್ವರದ ರಂಧ್ರಗಳ ಮೇಲೆ ಬೆರಳು ನೇರವಾಗಿ ಕೂರುತ್ತದೆ. ಬೆರಳನ್ನು ಅರ್ಧ ಎತ್ತಬಹುದು, ಮೆಲ್ಲನೆ ಜಾರಿಸಬಹುದು. ಒಂದು ಸ್ವರದಿಂದ ಇನ್ನೊಂದಕ್ಕೆ ತೂಗುತ್ತಾ ಹೋಗುವ ಗಮಕ ಹುಟ್ಟುವುದು ಹಾಗೆ. ಸ್ಯಾಕ್ಸೋಫೋನಿನಲ್ಲಿ ರಂಧ್ರಕ್ಕೂ ಬೆರಳಿಗೂ ನಡುವೆ ಲೋಹದ ಮುಚ್ಚಳವಿದೆ. ಒತ್ತಿದರೆ ಮುಚ್ಚಿತು, ಬಿಟ್ಟರೆ ತೆರೆಯಿತು. ಮೆರವಣಿಗೆಯ ನಡಿಗೆಗೆ ಅದು ಅತ್ಯಂತ ಅನುಕೂಲ, ತೋಡಿ ರಾಗಕ್ಕೆ ಅಷ್ಟೇ ಪ್ರತಿಕೂಲ. ಗೋಪಾಲನಾಥರು ವಾದ್ಯದ ಒಳಗಿನ ಜೋಡಣೆಯಲ್ಲಿ ತಮಗೆ ಬೇಕಾದ ಮಾರ್ಪಾಡುಗಳನ್ನು ಮಾಡಿಕೊಂಡರು. ಉಳಿದದ್ದನ್ನು ತುಟಿ ಮತ್ತು ಉಸಿರಿನ ಹಿಡಿತದಿಂದ ಸಾಧಿಸಿದರು.

ನೆರೆಮನೆಯ ಹಿರಿಯರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಮ್ಮ ತಂದೆಯವರು ರೆಪ್ಪೆ ಬಡಿಯದೆ ಬೆರಳುಗಳನ್ನೇ ನೋಡುತ್ತಿದ್ದರು. ಪಿಟೀಲು, ಮೃದಂಗ, ಮೋರ್ಚಿಂಗ್‌ಗಳ ನಡುವೆ ಆಲಾಪನೆ ನಿಧಾನವಾಗಿ ಮೇಲೇರುತ್ತಿದ್ದಂತೆ ಅವರ ಬಲಗೈಯ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಆಡತೊಡಗಿದವು. ಸ್ವಲ್ಪ ಹೊತ್ತಿಗೆ ಅವೂ ನಿಂತವು. “ಆ ಸ್ವರಕ್ಕೆ ಕೀಯೇ ಇಲ್ಲ. ಎಲ್ಲಿಂದ ತೆಗೆಯುತ್ತಾರೆ?” ಎಂದರು. ಕಛೇರಿ ಮುಗಿಯುವವರೆಗೆ ಅವರು ಆಡಿದ್ದು ಅದೊಂದೇ ಮಾತು. ಕೊನೆಯಲ್ಲಿ ದೇವರನಾಮವೊಂದನ್ನು ನುಡಿಸಿದಾಗ ಹಿಂದೆ ಕುಳಿತಿದ್ದ ಹೆಂಗಸರೆಲ್ಲ ದನಿಗೂಡಿಸಿದರು. ನೆರೆಮನೆಯ ಹಿರಿಯರು ಕಣ್ಣೊರಸಿಕೊಂಡು, “ತನಿಯಪ್ಪನೇ ಊದಿದ ಹಾಗಾಯಿತು ಮಾರಾಯ್ರೆ” ಎಂದರು. ಲಂಡನ್ನಿನ ಯಾವ ವಿಮರ್ಶಕನೂ ಈ ಮಾತನ್ನು ಹೇಳಲಾರ. ಹೇಳಲು ತನಿಯಪ್ಪನವರನ್ನು ಕೇಳಿರಬೇಕು.

ಇಲ್ಲಿ ನಮ್ಮ ಮನೆಯ ಸಂಗತಿಯನ್ನು ಹೇಳದೆ ಮುಂದುವರಿಯುವುದು ಅಪ್ರಾಮಾಣಿಕವಾದೀತು. ನಮಗೆ ಹನ್ನೆರಡು ವರ್ಷವಾದಾಗ ತಂದೆಯವರು ಸ್ಯಾಕ್ಸೋಫೋನಿನ ಪೆಟ್ಟಿಗೆಯನ್ನು ಮುಂದಿಟ್ಟು ಕಲಿಯಲು ಕರೆದಿದ್ದರು. ನಾವು ಒಪ್ಪಲಿಲ್ಲ. ಮದುವೆಯ ಮನೆಗಳಲ್ಲಿ ಅತಿಥಿಗಳೆಲ್ಲರ ಊಟವಾದ ಬಳಿಕ ಬ್ಯಾಂಡಿನವರಿಗೆ ಎಲೆ ಹಾಕುವುದನ್ನು ನಾವು ನೋಡಿದ್ದೆವು. ಶಾಲೆಯಲ್ಲಿ ‘ಬ್ಯಾಂಡಿನವರ ಮಕ್ಕಳು’ ಎಂದು ಕರೆಸಿಕೊಂಡಿದ್ದೆವು. ಅಣ್ಣನೂ ಒಪ್ಪಲಿಲ್ಲ, ತಮ್ಮನೂ ಒಪ್ಪಲಿಲ್ಲ. ಒಬ್ಬರು ಬೊಂಬಾಯಿ, ಒಬ್ಬರು ಕೊಲ್ಲಿ ರಾಷ್ಟ್ರ, ಒಬ್ಬರು ಇಲ್ಲಿಯೇ ಗುಮಾಸ್ತಗಿರಿ ಎಂದು ಹಂಚಿಹೋದೆವು. ತಂದೆಯವರು ಎರಡನೆಯ ಬಾರಿ ಕರೆಯಲಿಲ್ಲ.

ದೇವಸ್ಥಾನದ ಹೊರಾಂಗಣದಲ್ಲಿ ನಿಂತು ಊದುತ್ತಿದ್ದವರ ಮಗನೂ ಇಂಥದ್ದನ್ನೆಲ್ಲ ಕಾಣದೆ ಬೆಳೆದಿರಲಾರರು ಎಂದು ಅಂದು ನಮಗೆ ಅನಿಸಿತು. ಅವರು ತಂದೆಯ ವಾದ್ಯವನ್ನು ಬದಿಗಿಟ್ಟರು, ತಂದೆಯ ಸಂಗೀತವನ್ನು ಮಾತ್ರ ಕೈಬಿಡಲಿಲ್ಲ. ನಾವು ಮೂವರು ತಂದೆಯ ವಾದ್ಯವನ್ನು ಪೆಟ್ಟಿಗೆಯ ಸಮೇತ ಉಳಿಸಿಕೊಂಡೆವು. ಸಂಗೀತ ಅವರೊಡನೆಯೇ ಹೋಯಿತು.

ಪ್ರಾಸಂಗಿಕವಾಗಿ ಒಂದು ಮಾತು. ಸ್ಯಾಕ್ಸೋಫೋನನ್ನು ನಿರ್ಮಿಸಿ 1846ರಲ್ಲಿ ಪ್ಯಾರಿಸಿನಲ್ಲಿ ಅದರ ಹಕ್ಕುಪತ್ರ ಪಡೆದ ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ಕೂಡ ಒಬ್ಬ ಹೆಸರಾಂತ ವಾದ್ಯ ತಯಾರಕರ ಮಗ. ತಂದೆಯ ಕಾರ್ಯಾಗಾರದಲ್ಲಿ ಕೊಳಲು, ಕ್ಲಾರಿನೆಟ್ಟುಗಳನ್ನು ಮಾಡುತ್ತ ಬೆಳೆದು, ತಂದೆ ಮಾಡಿರದಿದ್ದ ಒಂದನ್ನು ಮಾಡಿದವರು.

ಗೋಪಾಲನಾಥರ ಪುತ್ರ ಮಣಿಕಾಂತ್ ಕದ್ರಿಯವರು ಚಲನಚಿತ್ರ ಸಂಗೀತವನ್ನು ಆರಿಸಿಕೊಂಡರು. 2009ರ ‘ಸವಾರಿ’, ಮರುವರ್ಷದ ‘ಪೃಥ್ವಿ’ ಚಿತ್ರಗಳ ಹಾಡುಗಳನ್ನು ಕನ್ನಡಿಗರೆಲ್ಲ ಕೇಳಿದ್ದಾರೆ. ಮಗ ತಂದೆಯ ಸ್ಯಾಕ್ಸೋಫೋನನ್ನೇ ಹಿಡಿಯಬೇಕಿತ್ತು ಎಂದು ಕೆಲವರು ನಮ್ಮೆದುರು ಹೇಳಿದ್ದುಂಟು. ತನಿಯಪ್ಪನವರ ಮಗ ನಾಗಸ್ವರವನ್ನೇ ಹಿಡಿಯಬೇಕಿತ್ತೇ ಎಂದು ನಾವು ಮರುಪ್ರಶ್ನೆ ಹಾಕುತ್ತೇವೆ. ಅಲ್ಲಿಗೆ ಮಾತು ನಿಲ್ಲುತ್ತದೆ. ದೊಡ್ಡ ಹೆಸರಿನ ಮನೆಯಲ್ಲಿ ಹುಟ್ಟಿದವರಿಗೆ ಮೊದಲ ಕಛೇರಿಯ ಅವಕಾಶ ಸುಲಭವಾಗಿ ದೊರೆಯಬಹುದು. ಆದರೆ ಅಲ್ಪಸ್ವಲ್ಪ ತಪ್ಪಿದರೂ ಮನ್ನಿಸುವ ಸೌಜನ್ಯವನ್ನು ಸಭಿಕರು ಅವರಿಗೆ ತೋರುವುದಿಲ್ಲ. ನಮ್ಮ ಇಗರ್ಜಿಯ ಗಾಯನ ಮಂಡಳಿಗಳಲ್ಲಿಯೂ ಹಿಂದಿನ ಪಿಟೀಲು ಮೇಸ್ತ್ರಿಯ ಮಗಳು ಕೀಬೋರ್ಡಿನ ಮುಂದೆ ಕುಳಿತರೆ ಪೂಜೆ ಮುಗಿದು ಮೆಟ್ಟಿಲಿಳಿಯುವಾಗ ನಡೆಯುವ ತೂಕದ ಮಾತು ಇದೇ ತಾನೇ!

ಅಂದು ಕಡೆಯ ಬಸ್ಸು ತಪ್ಪಿ, ಯಾರದೋ ಜೀಪಿನಲ್ಲಿ ಮನೆ ಸೇರುವಾಗ ನಡುರಾತ್ರಿ ಕಳೆದಿತ್ತು. ತಂದೆಯವರು ಅಂಗಿ ಬದಲಿಸುವ ಮೊದಲು ಮಂಚದ ಕೆಳಗಿಂದ ಪೆಟ್ಟಿಗೆಯನ್ನು ಎಳೆದರು. ನೆರೆಹೊರೆಯವರ ನಿದ್ದೆ ಕೆಡುತ್ತದೆ ಎಂದು ತಾಯಿಯವರು ಗದರಿದರು. ಆದರೂ ಒಂದೇ ಒಂದು ಸ್ವರವನ್ನು ಹಿಡಿದು ಅದನ್ನು ಬಾಗಿಸಲು ಯತ್ನಿಸಿದರು. ಅದು ಒಡೆದು ಬಾತುಕೋಳಿಯ ಕೂಗಿನಂತೆ ಹೊರಬಂದಾಗ ತಾಯಿಯವರೊಡನೆ ತಾವೂ ನಕ್ಕುಬಿಟ್ಟರು. ಮುಂದೆ ಎಷ್ಟೋ ಸಂಜೆ ಜಪಮಾಲೆ ಮುಗಿದ ಮೇಲೆ ಹಿತ್ತಿಲಿನ ತೆಂಗಿನ ಕಟ್ಟೆಯ ಮೇಲೆ ಕುಳಿತು ಆ ಒಂದು ಸ್ವರವನ್ನು ಬಾಗಿಸುತ್ತಿದ್ದರು. ಬಾಗಿತೋ ಇಲ್ಲವೋ ನಮಗೆ ತಿಳಿಯದು. ಕೇಳಿ ಹೇಳುವಷ್ಟು ಸಂಗೀತ ನಮ್ಮಲ್ಲಿ ಇರಲಿಲ್ಲ.

ತಂದೆಯವರು 2006ರಲ್ಲಿ ದೈವಾಧೀನರಾದರು. ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಕೊನೆಯುಸಿರೆಳೆದರು. ಆ ಸುದ್ದಿ ಬಂದ ದಿನ ಕೊಲ್ಲಿಯಿಂದ ದೂರವಾಣಿಯಲ್ಲಿ ಮಾತನಾಡಿದ ತಮ್ಮ, ಪೆಟ್ಟಿಗೆ ಇನ್ನೂ ಇದೆಯೇ ಎಂದು ಕೇಳಿದ. ಇತ್ತು. ಕಳೆದ ವರ್ಷ ಅವನ ಮಗ ರಜೆಗೆ ಬಂದವನು ಅದನ್ನು ತೆರೆದ. ಕೀಗಳ ಅಡಿಯ ಚರ್ಮದ ಬಿಲ್ಲೆಗಳು ಒಣಗಿ ಉದುರಿದ್ದವು. ಅವನ್ನು ಹೊಸದಾಗಿ ಹಾಕಿಸಿಕೊಂಡು ಬಂದ. ವಾದ್ಯವನ್ನು ಬಾಯಿಗಿಡುವ ಮೊದಲು, ಮದುವೆಯ ದಿಬ್ಬಣ ಹೊರಡುವಾಗ ಅಜ್ಜ ಮೊದಲು ನುಡಿಸುತ್ತಿದ್ದ ನಡೆ ಯಾವುದು, ಒಮ್ಮೆ ಗುನುಗಿ ತೋರಿಸಿ ದೊಡ್ಡಪ್ಪ ಎಂದ. ನೂರಾರು ಬಾರಿ ಕೇಳಿದ ನಡೆ ಅದು. ನಾಲ್ಕು ಸಾಲಿನಲ್ಲಿ ಮೊದಲ ಎರಡು ಮಾತ್ರ ನೆನಪಾದವು. ಉಳಿದೆರಡಕ್ಕಾಗಿ ನಾವೀಗ ಆ ಬ್ಯಾಂಡಿನಲ್ಲಿದ್ದವರ ಪೈಕಿ ಬೆಳ್ತಂಗಡಿಯ ಕಡೆ ಉಳಿದಿರುವ ಒಬ್ಬ ಟ್ರಂಪೆಟ್ ವಾದಕರ ಮನೆಯನ್ನು ವಿಚಾರಿಸುತ್ತಿದ್ದೇವೆ.