ಗಾಳಿ ಇಳಿಸಿ ಹಿಮನದಿ ಏರುವ ಗಾಲಿಗಳು

ಟೈರಿನಲ್ಲಿ ಗಾಳಿ ಕಡಮೆಯಾಯಿತೆಂದರೆ ಮೋಟಾರು ನಡೆಸುವವನ ಎದೆ ಕುಸಿಯುವುದು ಲೋಕರೂಢಿ. ಐಸ್‌ಲೆಂಡಿನ ಹಿಮನದಿಗಳ ಅಂಚಿನಲ್ಲಿ ಮಾತ್ರ ಇದಕ್ಕೆ ತೀರ ವಿಪರೀತವಾದ ನೋಟವೊಂದು ಕಾಣಸಿಗುತ್ತದೆ. ಡಾಂಬರು ರಸ್ತೆಯನ್ನು ಮುಗಿಸಿ ಬಂದ ಟ್ರಕ್ಕು ಹಿಮದ ಎದುರಿಗೆ ನಿಲ್ಲುತ್ತದೆ. ಚಾಲಕನು ಕೆಳಗಿಳಿದು, ನಾಲ್ಕು ಗಾಲಿಗಳ ಕವಾಟಗಳನ್ನೂ ಒಂದೊಂದಾಗಿ ತೆರೆದು, ಒಳಗಿನ ಗಾಳಿಯನ್ನು ಹೊರಬಿಡುತ್ತಾನೆ. ಟೈರುಗಳು ಉಸಿರು ಕಳೆದುಕೊಂಡು ನೆಲಕ್ಕೆ ಕುಳಿತ ಮೇಲೆ ತೃಪ್ತನಾಗಿ ಗಾಡಿಯನ್ನೇರಿ, ಮನುಷ್ಯನು ಮೊಣಕಾಲುದ್ದ ಹೂತುಹೋಗುವ ಹಿಮದ ಮೇಲೆ ಅದನ್ನು ನಿಧಾನವಾಗಿ ನಡೆಸಿಕೊಂಡು ಹೋಗುತ್ತಾನೆ.

ಇಲ್ಲಿ ಟ್ರಕ್ಕೆಂದರೆ ಸರಕು ಸಾಗಿಸುವ ಲಾರಿಯೆಂದು ತಿಳಿಯಬಾರದು. ಹಿಂಭಾಗ ತೆರೆದಿರುವ, ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಶಕ್ತಿ ಹರಿಯುವ, ಟೊಯೋಟಾ ಹೈಲಕ್ಸ್‌ನಂಥ ಪಿಕಪ್ ಗಾಡಿ ಅದು. ಕಾರ್ಖಾನೆಯಿಂದ ಹೊರಬರುವಾಗ ಅದರ ಟೈರಿನ ಎತ್ತರ ಸುಮಾರು 30 ಅಂಗುಲ. ಐಸ್‌ಲೆಂಡಿನ ಕುಶಲಿಗಳು ಅದನ್ನು ಕಳಚಿ 38 ಅಂಗುಲದ, ಕೆಲವೊಮ್ಮೆ 44 ಅಂಗುಲದ ಟೈರುಗಳನ್ನು ತೊಡಿಸುತ್ತಾರೆ. ನೋಡಿದವರಿಗೆ ಮಗುವೊಂದು ತಂದೆಯ ಪಾದರಕ್ಷೆಯನ್ನು ಮೆಟ್ಟಿ ನಿಂತಂತೆ ತೋರಿದರೆ ಆಶ್ಚರ್ಯವಿಲ್ಲ!

ಆ ನಾಡಿನ ನೆಲದಲ್ಲಿ ಹೆಚ್ಚುಕಡಮೆ ಹತ್ತನೆಯ ಒಂದು ಪಾಲು ಹಿಮನದಿಗಳ ಕೆಳಗಿದೆ. ವಾತ್ನಾಯೋಕುಲ್ ಎಂಬ ಒಂದೇ ಹಿಮರಾಶಿ ಸುಮಾರು 7,700 ಚದರ ಕಿಲೋಮೀಟರು ಹರಡಿಕೊಂಡಿದೆ. ಹಿಂದೆ ಇಂಥ ಕಡೆಗೆ ಹೋಗಬೇಕಾದವರು ಟ್ಯಾಂಕಿನಂತೆ ಸರಪಣಿಪಟ್ಟಿಯ ಮೇಲೆ ಉರುಳುವ ವಾಹನಗಳನ್ನೇ ನಂಬಬೇಕಾಗಿತ್ತು. ಆ ವಾಹನಗಳು ಹಿಮದಲ್ಲಿ ಸಮರ್ಥವಾದರೂ ರಸ್ತೆಯಲ್ಲಿ ಮಂದಗತಿಯವು. ಇನ್ನೊಂದು ಲಾರಿಯ ಬೆನ್ನೇರಿ ಹಿಮದವರೆಗೆ ಬರಬೇಕಾದವು. 1980ರ ದಶಕದಲ್ಲಿ ಐಸ್‌ಲೆಂಡಿನ ಜೀಪುಪ್ರಿಯರು ದೊಡ್ಡ ಟೈರುಗಳನ್ನು ತೊಡಿಸಿ ಗಾಳಿ ಇಳಿಸುವ ಉಪಾಯವನ್ನು ಪಳಗಿಸಿಕೊಂಡರು. ಒಂದೇ ಗಾಡಿ ಬೆಳಿಗ್ಗೆ ಹೆದ್ದಾರಿಯಲ್ಲಿಯೂ ಮಧ್ಯಾಹ್ನ ಹಿಮನದಿಯ ನೆತ್ತಿಯಲ್ಲಿಯೂ ಓಡುವಂತಾದದ್ದು ಆ ಬಳಿಕ.

ದೊಡ್ಡ ಟೈರು ತನ್ನ ಗಾತ್ರದಿಂದಲೇ ಹಿಮವನ್ನು ಗೆಲ್ಲುತ್ತದೆಂಬುದು ಸಾಮಾನ್ಯವಾದ ಭ್ರಮೆ. ನಿಜವಾಗಿ ಕೆಲಸ ಮಾಡುವುದು ಹೊರಗೆ ಹೋದ ಗಾಳಿ. ಲೆಕ್ಕ ಸರಳವಾದದ್ದು. ಎರಡೂವರೆ ಟನ್ ತೂಕದ ಗಾಡಿಯ ಪ್ರತಿಯೊಂದು ಗಾಲಿಯ ಮೇಲೆಯೂ ಸುಮಾರು 1,375 ಪೌಂಡು ಭಾರ ಬೀಳುತ್ತದೆ. ಟೈರಿನೊಳಗೆ ಚದರ ಅಂಗುಲಕ್ಕೆ 30 ಪೌಂಡಿನ ಒತ್ತಡವಿದ್ದರೆ ಆ ಭಾರವನ್ನು ಹೊರಲು ಸುಮಾರು 46 ಚದರ ಅಂಗುಲ ನೆಲ ಸಾಕು. ಎಂದರೆ ಎರಡು ಅಂಗೈಗಳಷ್ಟು. ಒತ್ತಡವನ್ನು 3 ಪೌಂಡಿಗೆ ಇಳಿಸಿದರೆ ಲೆಕ್ಕದ ಪ್ರಕಾರ ಹತ್ತು ಪಟ್ಟು ನೆಲ ಬೇಕಾಗುತ್ತದೆ. ಟೈರಿನ ಪಕ್ಕದ ಗೋಡೆಗಳು ಕೊಂಚ ಭಾರವನ್ನು ತಾವೇ ಹೊರುವುದರಿಂದ ವಾಸ್ತವದಲ್ಲಿ ಅಷ್ಟಾಗುವುದಿಲ್ಲ. ಆದರೂ ಗಾಡಿಯ ಹೆಜ್ಜೆ ಹಲವು ಪಟ್ಟು ವಿಶಾಲವಾಗುವುದು ನಿಶ್ಚಯ. ಸ್ವಾರಸ್ಯವೆಂದರೆ ಆ ಹೆಜ್ಜೆ ಅಡ್ಡಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಬೆಳೆಯುತ್ತದೆ. ಕುಸಿದ ಟೈರು ಟ್ಯಾಂಕಿನ ಪಟ್ಟಿಯಂತೆ ನೀಳವಾಗಿ ಹಿಮದ ಮೇಲೆ ಮಲಗುತ್ತದೆ. ದೊಡ್ಡ ಟೈರು ಬೇಕಾಗುವುದು ಇದಕ್ಕಾಗಿ: ಚಿಕ್ಕ ಟೈರಿನ ಗಾಳಿಯನ್ನು ಇಷ್ಟು ಇಳಿಸಿದರೆ ಕಬ್ಬಿಣದ ರಿಮ್ಮು ನೆಲವನ್ನೇ ಮುಟ್ಟಿಬಿಡುತ್ತದೆ.

ಇಷ್ಟರಲ್ಲಿ ಒಂದು ವಿಘ್ನ ಎದುರಾಗುತ್ತದೆ. ಟೈರು ರಿಮ್ಮಿನ ಮೇಲೆ ನಿಂತಿರುವುದು ಯಾವ ಆಧಾರದಿಂದ? ಟೈರಿನ ಎರಡು ಅಂಚುಗಳಲ್ಲಿಯೂ ಉಕ್ಕಿನ ತಂತಿಗಳನ್ನು ಒಳಗೊಂಡ ಗಟ್ಟಿಯಾದ ಬಳೆಯೊಂದಿದೆ; ಅದನ್ನು ಬೀಡ್ ಎನ್ನುತ್ತಾರೆ. ಒಳಗಿನ ಗಾಳಿಯು ಈ ಬಳೆಗಳನ್ನು ರಿಮ್ಮಿನ ಅಂಚಿಗೆ ಒತ್ತಿ ಹಿಡಿದಿರುವುದರಿಂದಲೇ ಟೈರು ಕಳಚದೆ ಇರುತ್ತದೆ. ಗಾಳಿಯೇ ಹೋದ ಮೇಲೆ ಹಿಡಿದುಕೊಳ್ಳುವವರು ಯಾರು? ಹಿಮದ ಕೊರಕಲಿನಲ್ಲಿ ಗಾಡಿಯನ್ನು ಪಕ್ಕಕ್ಕೆ ತಿರುಗಿಸಿದೊಡನೆ ಬೀಡ್ ತನ್ನ ಸ್ಥಾನದಿಂದ ಜಾರಿ, ಉಳಿದಿದ್ದ ಗಾಳಿಯೂ ಒಮ್ಮೆಲೇ ಹೊರಟುಹೋಗುತ್ತದೆ. ಕೆಲವೊಮ್ಮೆ ಎಂಜಿನ್ನಿನ ಸೆಳೆತಕ್ಕೆ ರಿಮ್ಮು ಮಾತ್ರ ತಿರುಗಿ ಟೈರು ನಿಂತಲ್ಲೇ ನಿಲ್ಲುವುದುಂಟು. ಹಿಮಗಾಳಿ ಬೀಸುವ ಇಳಿಹೊತ್ತಿನಲ್ಲಿ, ಊರಿನಿಂದ ನೂರು ಕಿಲೋಮೀಟರು ದೂರದಲ್ಲಿ ಹೀಗಾದರೆ ಅದು ಕೇವಲ ತೊಂದರೆಯಲ್ಲ, ಪ್ರಾಣಕ್ಕೆ ಬಂದ ಸಂಕಟ.

ಇಂಥ ಸಮಯದಲ್ಲಿ ಐಸ್‌ಲೆಂಡಿನ ಚಾಲಕರು ಮಾಡುವ ಒಂದು ಸಾಹಸ ಪ್ರಸಿದ್ಧವಾಗಿದೆ. ಜಾರಿದ ಟೈರಿನೊಳಕ್ಕೆ ಬೇಗ ಹೊತ್ತಿಕೊಳ್ಳುವ ಅನಿಲವನ್ನು ತುಸು ಸಿಂಪಡಿಸಿ, ಬೆಂಕಿ ಸೋಕಿಸುತ್ತಾರೆ. ಢಂ ಎಂಬ ಸ್ಫೋಟದೊಡನೆ ಟೈರು ಹಿಗ್ಗಿ ಬೀಡ್ ಮತ್ತೆ ರಿಮ್ಮಿನ ಮೇಲೆ ಕುಳಿತುಬಿಡುತ್ತದೆ! ಕೇಳಲು ಸೊಗಸಾದ ಈ ವಿದ್ಯೆಯಲ್ಲಿ ಕೈಮುಖ ಸುಟ್ಟುಕೊಳ್ಳುವ ಸಂಭವವೂ ಅಷ್ಟೇ ಇದೆಯಾದ್ದರಿಂದ ಬುದ್ಧಿವಂತರು ಅದಕ್ಕೆ ಅವಕಾಶವೇ ಬಾರದಂತೆ ನೋಡಿಕೊಳ್ಳುವುದು ಮೇಲು.

ಅದರ ಉಪಾಯವೇ ಬೀಡ್‌ಲಾಕ್ ಗಾಲಿ. ಟೈರಿನ ಹೊರಗಿನ ಬೀಡನ್ನು ರಿಮ್ಮಿನ ಅಂಚಿಗೂ ಒಂದು ಲೋಹದ ಉಂಗುರಕ್ಕೂ ನಡುವೆ ಇಟ್ಟು, ಸುತ್ತಲೂ ಇಪ್ಪತ್ತನಾಲ್ಕೋ ಮೂವತ್ತೆರಡೋ ಬೋಲ್ಟುಗಳಿಂದ ಬಿಗಿದುಬಿಡುತ್ತಾರೆ. ಆಮೇಲೆ ಬೀಡನ್ನು ಹಿಡಿಯುವುದಕ್ಕೆ ಗಾಳಿಯ ಹಂಗಿಲ್ಲ. ಒಳಬದಿಯ ಬೀಡ್ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಹೊರಬದಿಯನ್ನು ಕಟ್ಟಿದರೆ ಬಹುಮಟ್ಟಿಗೆ ಕೆಲಸ ಸಾಗುತ್ತದೆ.

ಈ ಕಲ್ಪನೆ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಜೀಪುಗಳಿಗೆ ಎರಡು ಹೋಳುಗಳನ್ನು ಬೋಲ್ಟುಗಳಿಂದ ಸೇರಿಸಿದ ಗಾಲಿಗಳಿದ್ದವು. ಗುಂಡು ತಗಲಿ ಗಾಳಿ ಹೋದರೂ ಟೈರು ಕಳಚದೆ ಗಾಡಿ ಅಪಾಯದಿಂದ ಪಾರಾಗಲೆಂದು ಒಳಗೆ ಬೀಡನ್ನು ಅದುಮಿ ಹಿಡಿಯುವ ಬಳೆಯನ್ನಿಡುತ್ತಿದ್ದರು. ನೆಲಜಲಗಳೆರಡರಲ್ಲಿಯೂ ಚಲಿಸುತ್ತಿದ್ದ ಡಕ್ ಎಂಬ ಲಾರಿಯಲ್ಲಿ ಚಾಲಕನು ಕುಳಿತಲ್ಲಿಂದಲೇ ಟೈರಿನ ಗಾಳಿಯನ್ನು ಏರಿಸಿ ಇಳಿಸಬಹುದಾಗಿತ್ತು. ಕಡಲತೀರದ ಮರಳನ್ನು ದಾಟಲು ಅದು ನೆರವಾಯಿತು.

ಬೀಡ್‌ಲಾಕನ್ನು ತೊಡಿಸುವುದು ತಾಳ್ಮೆಯ ಕೆಲಸ. ಬೋಲ್ಟುಗಳನ್ನು ಒಂದರ ಪಕ್ಕಕ್ಕೊಂದರಂತೆ ಬಿಗಿಯುತ್ತ ಹೋದರೆ ಉಂಗುರ ಒಂದು ಕಡೆಗೆ ವಾಲುತ್ತದೆ. ಎದುರುಬದುರಾಗಿ, ಸ್ವಲ್ಪಸ್ವಲ್ಪವೇ, ನಾಲ್ಕಾರು ಸುತ್ತು ಬರಬೇಕು. ಬಿಗಿತವನ್ನು ಅಳೆಯುವ ಸ್ಪ್ಯಾನರಿನಿಂದ ಪ್ರತಿಯೊಂದನ್ನೂ ಪರೀಕ್ಷಿಸಬೇಕು. ಅಷ್ಟಾದರೂ ಮುಗಿಯಲಿಲ್ಲ. ನಡುವೆ ಸಿಕ್ಕಿದ ರಬ್ಬರು ಒತ್ತಿಕೊಂಡಂತೆ ಬೋಲ್ಟುಗಳು ಸಡಿಲವಾಗುವುದರಿಂದ ಸ್ವಲ್ಪ ದೂರ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು, ಆಮೇಲೂ ಆಗಾಗ ನೋಡುತ್ತಿರಬೇಕು. ಒಂದು ಬೋಲ್ಟು ಸಡಿಲವಾದರೆ ಅದರ ಹೊರೆ ನೆರೆಯ ಬೋಲ್ಟಿನ ಮೇಲೆ ಬಿದ್ದು, ಸಾಲಾಗಿ ಮುರಿಯುವ ಭಯವಿದೆ. ಟೈರಿನಲ್ಲಿ ಗಾಳಿಯಿರುವಾಗ ಉಂಗುರವನ್ನು ಕಳಚಲು ಹೋಗುವುದಂತೂ ಮೃತ್ಯುವನ್ನು ಕರೆದಂತೆ. ಇಷ್ಟೆಲ್ಲ ಶ್ರಮವಿರುವ ಗಾಲಿಗೆ ಬರಿಯ ಶೋಭೆಗಾಗಿ ಸುಳ್ಳು ಬೋಲ್ಟುಗಳನ್ನು ಅಂಟಿಸಿದ ನಕಲುಗಳೂ ಅಂಗಡಿಗಳಲ್ಲಿ ಸಿಗುತ್ತವೆ! ಹಿಮವೇ ಇಲ್ಲದ ಪೇಟೆಗಳಲ್ಲಿ ಮೆರೆಯುವುದಕ್ಕೆ ಅವು ಸಾಲದೆಂದು ಹೇಳುವಂತಿಲ್ಲ.

ದೊಡ್ಡ ಟೈರಿನ ಬೆಲೆಯನ್ನು ಅಂಗಡಿಯಲ್ಲಿ ಕೊಟ್ಟರೆ ಸಾಲದು. ಗಾಡಿಯ ಅಂಗಾಂಗಗಳೂ ತಮ್ಮ ಪಾಲನ್ನು ತೆರಬೇಕು. 38 ಅಂಗುಲದ ಟೈರು ಮಡ್‌ಗಾರ್ಡಿನೊಳಗೆ ಹಿಡಿಸದು. ತಗಡನ್ನು ಕತ್ತರಿಸಿ, ಅಗಲವಾದ ರೆಕ್ಕೆಗಳನ್ನು ಕೂಡಿಸಿ, ಮೈಯನ್ನು ಎತ್ತರಿಸಬೇಕು. ಗಾಲಿ ದೊಡ್ಡದಾದಷ್ಟೂ ಅದನ್ನು ತಿರುಗಿಸಲು ಎಂಜಿನ್ನು ಏದುಸಿರು ಬಿಡುತ್ತದೆಯಾದ್ದರಿಂದ ಅಚ್ಚಿನೊಳಗಿನ ಹಲ್ಲುಗಾಲಿಗಳನ್ನು ಬದಲಿಸಬೇಕು. ಹಿಂದಿನ ಅಚ್ಚಿಗೆ ಮಾತ್ರ ಬದಲಿಸಿ ಮುಂದಿನದನ್ನು ಬಿಟ್ಟರೆ, ಎರಡು ಎತ್ತುಗಳನ್ನು ಬೇರೆಬೇರೆ ವೇಗದಲ್ಲಿ ಓಡಿಸಿ ನೊಗ ಮುರಿಸಿಕೊಂಡಂತೆ. ಬ್ರೇಕು ಮೊದಲಿನಷ್ಟೇ ಇದ್ದು ಗಾಲಿ ಹಿಗ್ಗಿದ್ದರಿಂದ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ವೇಗಮಾಪಕವೂ ಸುಳ್ಳಾಡತೊಡಗುತ್ತದೆ: ತಿದ್ದದೆ ಬಿಟ್ಟರೆ ಮುಳ್ಳು 80 ಎನ್ನುವಾಗ ಗಾಡಿ ನೂರರ ಹತ್ತಿರ ಓಡುತ್ತಿರುತ್ತದೆ. ಇಳಿಸಿದ ಗಾಳಿಯಲ್ಲೇ ಹೆದ್ದಾರಿಯನ್ನು ಹಿಡಿದರೆ ಟೈರು ಕಾದು ಹರಿದುಹೋಗುವುದು ಖಂಡಿತ. ಆದಕಾರಣ ಗಾಳಿ ತುಂಬುವ ಯಂತ್ರವನ್ನು ಗಾಡಿಯಲ್ಲಿಯೇ ಒಯ್ಯುತ್ತಾರೆ.

ಇಂಥ ಮಾರ್ಪಾಟುಗಳನ್ನು ಐಸ್‌ಲೆಂಡಿನ ಸರಕಾರ ನಿಷೇಧಿಸಲಿಲ್ಲ. ಬದಲಿಸಿದ ಗಾಡಿಗಳಿಗೆ ವಿಶೇಷ ತಪಾಸಣೆಯನ್ನು ವಿಧಿಸಿ ರಸ್ತೆಗೆ ಬಿಟ್ಟಿತು. ಆ ಉದಾರತೆ ವ್ಯರ್ಥವಾಗಿಲ್ಲ. ಚಳಿಗಾಲದಲ್ಲಿ ಹಿಮಪಾತಕ್ಕೆ ಸಿಕ್ಕಿ ದಾರಿ ತಪ್ಪಿದವರನ್ನು ಹುಡುಕಲು ಹೊರಡುವವರು ಅಲ್ಲಿ ಸಂಬಳದ ಸಿಪಾಯಿಗಳಲ್ಲ. ಲಾಂಡ್ಸ್‌ಬ್ಯೋರ್ಗ್ ಸಂಘದ ಸ್ವಯಂಸೇವಕರು. ದೊಡ್ಡ ಗಾಲಿಯ ಗಾಡಿಗಳೇ ಅವರ ಕೈಕಾಲು. ಆದರೆ ನಿಯಮ ಇನ್ನೊಂದು ಕಡೆಯಲ್ಲಿ ಕಠಿನವಾಗಿದೆ. ಹಿಮ ಮುಚ್ಚಿ ಹೆಪ್ಪುಗಟ್ಟಿದ ನೆಲದ ಮೇಲೆಯೂ ಹಿಮನದಿಗಳ ಮೇಲೆಯೂ ಗಾಡಿಗಳನ್ನು ಓಡಿಸಬಹುದು. ಬರಿಯ ನೆಲದಲ್ಲಿ ದಾರಿ ಬಿಟ್ಟು ಒಂದು ಹೆಜ್ಜೆ ಹೋದರೂ ಅಪರಾಧ. ಅಲ್ಲಿನ ಪಾಚಿಯ ಮೇಲೆ ಬಿದ್ದ ಗಾಲಿಯ ಗುರುತು ಮಾಯಲು ದಶಕಗಳೇ ಬೇಕು. ಇನ್ನು, ಹಿಮದ ತೆಳುವಾದ ಸೇತುವೆಯ ಕೆಳಗೆ ಅಡಗಿರುವ ಬಿರುಕನ್ನು ಯಾವ ಟೈರೂ ಕಾಣಲಾರದು. ಅದಕ್ಕೆ ದಾರಿ ಬಲ್ಲವರ ಕಣ್ಣೇ ಬೇಕು.

ನಮ್ಮ ದೇಶದ ಕಾನೂನು ಬೇರೆಯಾಗಿದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿಯನ್ನು ವ್ಯಾಖ್ಯಾನಿಸುತ್ತ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸಲಾಗದೆಂದು ತೀರ್ಪಿತ್ತಿತು. ಆದ್ದರಿಂದ ಇಂಥ ಗಾಲಿಗಳನ್ನು ಸಾರ್ವಜನಿಕ ರಸ್ತೆಗೆ ತರುವ ಮುನ್ನ ಕಾನೂನು ಬಲ್ಲವರನ್ನು ಕೇಳುವುದು ಕ್ಷೇಮ.

ಆದರೆ ಭಾರತೀಯರಿಗೆ ಈ ಗಾಲಿಗಳ ಋಣ ಒಮ್ಮೆ ಬಂದೊದಗಿದ್ದುಂಟು. 1958ರ ಜನವರಿ 4ರಂದು ಸರ್ ಎಡ್ಮಂಡ್ ಹಿಲರಿಯವರು ಫರ್ಗ್ಯುಸನ್ ಟ್ರ್ಯಾಕ್ಟರುಗಳಲ್ಲಿ ದಕ್ಷಿಣ ಧ್ರುವವನ್ನು ಮುಟ್ಟಿದಾಗ, ಬರಿಯ ಟೈರುಗಳನ್ನು ನೆಚ್ಚಲಾಗದೆ ಗಾಲಿಗಳ ಸುತ್ತ ಸರಪಣಿಪಟ್ಟಿಗಳನ್ನು ತೊಡಿಸಿದ್ದರು. ಐವತ್ತೆರಡು ವರ್ಷಗಳ ಬಳಿಕ, 2010ರ ನವೆಂಬರಿನಲ್ಲಿ, ರಸಿಕ್ ರವೀಂದ್ರರ ನೇತೃತ್ವದಲ್ಲಿ 8 ಮಂದಿಯ ಭಾರತೀಯ ತಂಡ ಅಂಟಾರ್ಕ್ಟಿಕಾದ ಮೈತ್ರಿ ಕೇಂದ್ರದಿಂದ ಹೊರಟಿತು. ಧ್ರುವಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ; ಕೊನೆಯಲ್ಲಿ 2,835 ಮೀಟರ್ ಎತ್ತರ. ಅವರು ಏರಿದ್ದು ಐಸ್‌ಲೆಂಡಿನ ಆರ್ಕ್ಟಿಕ್ ಟ್ರಕ್ಸ್ ಸಂಸ್ಥೆಯವರು ಮಾರ್ಪಡಿಸಿದ, ಅಗಲವಾದ ಟೈರುಗಳ ಗಾಡಿಗಳನ್ನು. ದಾರಿಯುದ್ದಕ್ಕೂ ಹಿಮದ ಮಾದರಿಗಳನ್ನು ಕೊರೆದು ತೆಗೆದುಕೊಳ್ಳುತ್ತ ಅದೇ ತಿಂಗಳಿನಲ್ಲಿ ಅವರು ಧ್ರುವವನ್ನು ತಲಪಿದರು. ಬಂದ ಗಾಲಿಗಳ ಮೇಲೆಯೇ ಮೈತ್ರಿಗೆ ಮರಳಿದರು.