ತಾಳಕ್ಕೆ ಕುಳಿತ ಯಂತ್ರ

1989ರಲ್ಲಿ ಹೊರಬಂದ 'ಸ್ಟ್ರೀಟ್‌ಕ್ಲೀನರ್' ಆಲ್ಬಮ್ಮಿನ ಹೊದಿಕೆಯಲ್ಲಿ ಯಾರು ಏನು ನುಡಿಸಿದರು ಎಂಬ ಪಟ್ಟಿಯಿದೆ. ಹಾಡು ಮತ್ತು ಗಿಟಾರು ಜಸ್ಟಿನ್ ಬ್ರಾಡ್ರಿಕ್, ಬೇಸ್ ಗಿಟಾರು ಜಿ. ಸಿ. ಗ್ರೀನ್. ತಾಳದ ಹೊಣೆ ಹೊತ್ತದ್ದು ಯಾವ ಮನುಷ್ಯನೂ ಅಲ್ಲ. ಅಲ್ಲಿ 'ಮಷೀನ್' ಎಂದು ಬರೆದಿದೆ. ಗಾಡ್‌ಫ್ಲೆಶ್ ತಂಡದ ಒಳಹೊಗಲು ನನಗೆ ಕಂಡ ಬಾಗಿಲು ಈ ಒಂದು ಪದವೇ.

ತಂಡದ ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಲೋಹ ಬಡಿದು, ಎರಕ ಹೊಯ್ದು, ಮೋಟಾರು ಜೋಡಿಸಿ ಬದುಕಿದ ಊರು. ಹೆವಿ ಮೆಟಲ್‌ನ ತೊಟ್ಟಿಲೂ ಇದೇ. ಆ ಸಂಗೀತದ ಮೈಯಲ್ಲಿ ಕಾರ್ಖಾನೆಯ ಗಾಯವೊಂದು ಮೊದಲಿನಿಂದಲೂ ಇದೆ. ಟೋನಿ ಅಯೋಮಿ ಎಂಬ 17ರ ಹುಡುಗ ತಗಡಿನ ಕಾರ್ಖಾನೆಯ ಕೆಲಸ ಬಿಡಬೇಕಿದ್ದ ಕೊನೆಯ ದಿನವೇ ಯಂತ್ರಕ್ಕೆ ಕೈ ಸಿಕ್ಕಿ, ಬಲಗೈಯ ಎರಡು ಬೆರಳಿನ ತುದಿ ಕಳೆದುಕೊಂಡ. ಎಡಚನಾದ್ದರಿಂದ ಗಿಟಾರಿನ ತಂತಿ ಒತ್ತುವ ಕೈ ಅದೇ ಆಗಿತ್ತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ, ತೆಳ್ಳನೆಯ ತಂತಿ ಹಾಕಿದ. ಮುಂದೆ ಶ್ರುತಿಯನ್ನೂ ಇಳಿಸಿದ. ಅವನ ಬ್ಲ್ಯಾಕ್ ಸಬ್ಬತ್ ತಂಡದ 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ ಆ ಸಡಿಲ ತಂತಿಗಳ ಭಾರ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ.

ಬ್ರಾಡ್ರಿಕ್ ಹುಟ್ಟಿದ್ದು 1969ರಲ್ಲಿ. ಅವರು ಹದಿಹರೆಯಕ್ಕೆ ಬರುವ ಹೊತ್ತಿಗೆ ಊರಿನ ಕಾರ್ಖಾನೆಗಳು ಸಾಲಾಗಿ ಮುಚ್ಚುತ್ತಿದ್ದವು. ಯಂತ್ರದ ಸದ್ದು ಮಾತ್ರ ಬೇರೊಂದು ದಾರಿಯಿಂದ ಸಂಗೀತಕ್ಕೆ ಬರುತ್ತಿತ್ತು. 1976ರಲ್ಲಿ ಥ್ರಾಬಿಂಗ್ ಗ್ರಿಸಲ್ ತಂಡದವರು ತಮ್ಮ ಧ್ವನಿಮುದ್ರಣ ಸಂಸ್ಥೆಗೆ 'ಇಂಡಸ್ಟ್ರಿಯಲ್ ರೆಕಾರ್ಡ್ಸ್' ಎಂದು ಹೆಸರಿಟ್ಟರು; ಒಂದು ಇಡೀ ಪ್ರಕಾರಕ್ಕೆ ಆ ಹೆಸರೇ ನಿಂತಿತು. ಟೇಪು, ಸಿಂಥಸೈಜರು, ಕರ್ಕಶ ಸದ್ದು ಅವರ ಸರಕು. ಮೆಟಲ್‌ನ ಭಾರ ಮತ್ತು ಇಂಡಸ್ಟ್ರಿಯಲ್‌ನ ಒರಟುತನವನ್ನು ಬೆಸೆದವರು ಹಲವರು. ಶಿಕಾಗೋದ ಮಿನಿಸ್ಟ್ರಿ ಇನ್ನೂ ಹೆಚ್ಚು ಜನಪ್ರಿಯ. ಆದರೆ ಆ ಬೆಸುಗೆಯನ್ನು ಗಾಡ್‌ಫ್ಲೆಶ್‌ನಷ್ಟು ಬರಿದಾಗಿ, ಅಲಂಕಾರವಿಲ್ಲದೆ ತೋರಿಸಿದ ತಂಡ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

1988ರಲ್ಲಿ ತಂಡ ಕಟ್ಟಿದಾಗ ಅವರು ಬಳಸಿದ ಯಂತ್ರ ಅಲೆಸಿಸ್ ಎಚ್‌ಆರ್-16. ತೊಡೆಯ ಮೇಲೆ ಇಟ್ಟುಕೊಳ್ಳಬಹುದಾದಷ್ಟು ಚಿಕ್ಕ ಪೆಟ್ಟಿಗೆ. ಅದರ ಚಿಪ್‌ಗಳಲ್ಲಿ ಡ್ರಮ್ಮಿನ ನಿಜವಾದ ಪೆಟ್ಟುಗಳ ಡಿಜಿಟಲ್ ಮುದ್ರಣಗಳಿರುತ್ತವೆ. ಯಾವ ಮಾತ್ರೆಗೆ ಯಾವ ಪೆಟ್ಟು, ಎಷ್ಟು ಜೋರು ಎಂದು ಒಮ್ಮೆ ಬರೆದಿಟ್ಟರೆ ಸಾಕು, ನಿಲ್ಲಿಸುವವರೆಗೆ ಅದನ್ನೇ ಹೊಡೆಯುತ್ತದೆ. ಮನುಷ್ಯನಿಗೆ ಒಂದೇ ಪೆಟ್ಟನ್ನು ಎರಡು ಸಲ ಕೂದಲೆಳೆ ವ್ಯತ್ಯಾಸವಿಲ್ಲದೆ ಹೊಡೆಯಲು ಬರುವುದಿಲ್ಲ. ಕೈ ಸೋಲುತ್ತದೆ, ಹುರುಪು ಬಂದರೆ ಲಯ ಏರುತ್ತದೆ, ಪಕ್ಕದವರ ಮುಖ ನೋಡಿ ಕೊಂಚ ತಡೆಯುತ್ತದೆ. ಹಾಡುಗಾರರ ಕಣ್ಸನ್ನೆಗೆ ಮೃದಂಗದವರು ನಡೆ ಬದಲಿಸುವುದನ್ನು ಕಂಡು ತಲೆದೂಗಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಾಡ್‌ಫ್ಲೆಶ್ ಕಿತ್ತು ಹಾಕಿದ್ದು ಈ ಕಣ್ಸನ್ನೆಯನ್ನೇ. ಡ್ರಮ್ ನುಡಿಸುವವರು ಸಿಗದೆ ಯಂತ್ರ ತಂದರು ಎಂದುಕೊಂಡರೆ ತಪ್ಪಾಗುತ್ತದೆ. ಬ್ರಾಡ್ರಿಕ್ ಸ್ವತಃ ಡ್ರಮ್ ಬಲ್ಲವರು. ಹೆಡ್ ಆಫ್ ಡೇವಿಡ್ ತಂಡದಲ್ಲಿ ಅದನ್ನೇ ನುಡಿಸುತ್ತಿದ್ದರು. ಬಲ್ಲವರೇ ಬೇಡವೆಂದದ್ದು ಇದು. ಕೇಳುತ್ತ ಹೋದಂತೆ ಕಾರಣ ತಿಳಿಯುತ್ತದೆ. ಯಂತ್ರದ ಪೆಟ್ಟು ನಿಧಾನ, ಭಾರ, ಬದಲಿಲ್ಲದ್ದು. ಗ್ರೀನ್ ಅವರ ಬೇಸ್ ಸರಪಳಿ ಎಳೆದಂತೆ ಗರಗರ ಎನ್ನುತ್ತ ಅದಕ್ಕೆ ಅಂಟಿಕೊಂಡೇ ಸಾಗುತ್ತದೆ. ಅದರ ಮೇಲೆ ಒಬ್ಬ ಮನುಷ್ಯ ಕೂಗುತ್ತಾನೆ, ಯಂತ್ರ ಕೇಳಿಸಿಕೊಳ್ಳುವುದಿಲ್ಲ. ಪಾಳಿಯಲ್ಲಿ ದುಡಿದವರಿಗೆ ಗೊತ್ತು: ಬೆನ್ನು ನೋಯುತ್ತಿದೆ ಎಂದು ಪ್ರೆಸ್ಸು ತನ್ನ ಹೊಡೆತವನ್ನು ತಡಮಾಡುವುದಿಲ್ಲ. ಆ ನೋವಿಗೆ ಮರುಕದ ಮಾತು ಸೇರಿಸದೆ, ಅದರ ಅಳತೆಯನ್ನಷ್ಟೇ ಕೊಡುವ ಈ ಸಂಗೀತದ ಪ್ರಾಮಾಣಿಕತೆ ನನಗೆ ದೊಡ್ಡದೆನಿಸುತ್ತದೆ.

ಯಂತ್ರ ಒಂದೇ ಕಡೆ ನಿಂತೂ ಇರಲಿಲ್ಲ. 1991ರ 'ಸ್ಲೇವ್‌ಸ್ಟೇಟ್'ನಲ್ಲಿ ಎಲೆಕ್ಟ್ರಾನಿಕ್ ನೃತ್ಯಸಂಗೀತದ ಓಟ ಬಂತು, 1992ರ 'ಪ್ಯೂರ್'ನಲ್ಲಿ ಹಿಪ್‌ಹಾಪ್‌ನ ಲಯ. ಕ್ಲಬ್ಬಿನಲ್ಲಿ ಕುಣಿಸುವ ಅದೇ ಬಗೆಯ ಲಯ ಇವರ ಕೈಯಲ್ಲಿ ಕಾಲು ಹಿಡಿದು ಎಳೆಯುತ್ತದೆ.

ನಡುವೆ ಮನುಷ್ಯರೂ ಬಂದರು. 1996ರ 'ಸಾಂಗ್ಸ್ ಆಫ್ ಲವ್ ಅಂಡ್ ಹೇಟ್'ನಲ್ಲಿ ಬ್ರಯನ್ ಮಾಂಟಿಯಾ, 2001ರ 'ಹಿಮ್ಸ್'ನಲ್ಲಿ ಟೆಡ್ ಪಾರ್ಸನ್ಸ್. ಇಬ್ಬರೂ ನುರಿತವರು, ಆಲ್ಬಮ್‌ಗಳೂ ಚೆನ್ನಾಗಿವೆ. ಆದರೂ ಕೂಗಿಗೆ ಓಗೊಡುವ ಜೀವವೊಂದು ಹಿಂದೆ ಕೂತಿದೆ ಎಂದು ತಿಳಿದೊಡನೆ ಆ ಹಳೆಯ ಒಂಟಿತನ ಕರಗಿಬಿಡುತ್ತದೆ. 2002ರಲ್ಲಿ ತಂಡ ಒಡೆಯಿತು. 2010ರಲ್ಲಿ ಮತ್ತೆ ಕೂಡಿದಾಗ ಬ್ರಾಡ್ರಿಕ್ ಮತ್ತು ಗ್ರೀನ್ ಇಬ್ಬರೇ ಇದ್ದರು. ಜೊತೆಗೆ ಯಂತ್ರ.